ತಗ್ಗಿದ ಕಾರು, ಎತ್ತಿದ ಮಾತು

ಕಾರನ್ನು ಒಂದೆರಡು ಇಂಚು ಇಳಿಸಿದರೆ ಅದು ರಸ್ತೆಗೆ ಅಂಟಿಕೊಂಡು ಓಡುತ್ತದೆ. ಸ್ಪೇಸರ್ ಹಾಕಿ ಚಕ್ರಗಳನ್ನು ಅರ್ಧ ಇಂಚು ಹೊರಗೆ ತಂದರೆ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಎರಡನ್ನೂ ಒಂದು ಭಾನುವಾರ ಮನೆ ಮುಂದೆಯೇ ಜಾಕ್ ಕೊಟ್ಟು ಮುಗಿಸಿಬಿಡಬಹುದು. ಕಾರಿನ ಹುಚ್ಚಿರುವ ನಮ್ಮ ಹುಡುಗರ ನಡುವೆ ಈ ಮೂರು ಮಾತಿಗೆ ಈಗ ಎದುರಾಡುವವರಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ, ಮಂಗಳೂರಿನ ಮನೆಯಂಗಳದಲ್ಲಿ, ಹುಬ್ಬಳ್ಳಿಯ ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಒಂದೇ ಪಾಠ. "ಅಣ್ಣಾ, ಲೋವರಿಂಗ್ ಸ್ಪ್ರಿಂಗ್ ಹಾಕ್ಸಿ, ಗಾಡಿ ಹ್ಯಾಂಡ್ಲಿಂಗೇ ಬೇರೆ ಆಗೋಗುತ್ತೆ." ಬೇರೆ ಆಗುವುದೇನೋ ನಿಜ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ಮೂರರಲ್ಲಿ ಮೊದಲನೆಯದು ಅರೆಸತ್ಯ, ಎರಡನೆಯದು ಸುಳ್ಳಿನ ನೆರೆಮನೆ, ಮೂರನೆಯದು ಜೀವಕ್ಕೇ ಕುತ್ತು ತರುವಂಥದ್ದು. ಕಾರು ತಗ್ಗಿಸುವುದು ಅಂದಕ್ಕೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ, ಅದನ್ನು ಮುಚ್ಚಬೇಕು, ಅಷ್ಟೇ. ಅಂದಕ್ಕೆ ಖರ್ಚು ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಅಂದವನ್ನು ಇಂಜಿನಿಯರಿಂಗ್ ಎಂದು ಮಾರುವವರ ಮೇಲೆ, ಅದನ್ನು ನಂಬಿ ಸ್ಟೆಪ್ನಿ ಬದಲಿಸಲು ಕೊಟ್ಟ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಮಲಗುವಂತೆ ಹುಡುಗರನ್ನು ಹುರಿದುಂಬಿಸುವವರ ಮೇಲೆ.

ಅಂದಕ್ಕೆಂದೇ ಹೇಳಿಕೊಂಡು ಕಾರು ತಗ್ಗಿಸಿದವರೂ ಇದ್ದಾರೆ. ಎರಡನೇ ಮಹಾಯುದ್ಧದ ನಂತರ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಯುವಕರು ಹಳೆಯ ಷೆವ್ರೊಲೆ ಕಾರುಗಳ ಡಿಕ್ಕಿಗೆ ಮರಳಿನ ಚೀಲ ತುಂಬಿ, ಸ್ಪ್ರಿಂಗ್ ಕತ್ತರಿಸಿ, ನೆಲ ಸವರುವಂತೆ ಮಾಡಿ ಬೀದಿಯಲ್ಲಿ ನಿಧಾನವಾಗಿ ಸಾಗುತ್ತಿದ್ದರು. ಲೋರೈಡರ್ ಎಂಬ ಸಂಪ್ರದಾಯ ಹುಟ್ಟಿದ್ದು ಹಾಗೆ. ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕಾರಿನ ಯಾವ ಭಾಗವೂ ಕೆಳಗಿರಬಾರದೆಂದು 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರ ಕಾನೂನು ತಂದಾಗ ರಾನ್ ಅಗೀರೆ ಎಂಬಾತ 1959ರಲ್ಲಿ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಪೊಲೀಸರು ಕಂಡರೆ ಮೇಲೆ, ಹೋದರೆ ಕೆಳಗೆ. ಆ ಕಾನೂನು ರದ್ದಾದದ್ದು 2024ರ ಜನವರಿಯಲ್ಲಿ. ಇಷ್ಟೂ ದಶಕಗಳಲ್ಲಿ ಲೋರೈಡರುಗಳು ತಮ್ಮ ಕಾರು ತಿರುವಿನಲ್ಲಿ ಚೆನ್ನಾಗಿ ಓಡುತ್ತದೆಂದು ಕೊಚ್ಚಿಕೊಂಡವರಲ್ಲ. ತಗ್ಗಾಗಿರು, ನಿಧಾನವಾಗಿ ಹೋಗು, ಜನ ನೋಡಲಿ, ಅದೇ ಅವರ ಧರ್ಮ. ನಮ್ಮ ಹುಡುಗರೂ ಅಷ್ಟು ನೇರವಾಗಿ ಹೇಳಿಬಿಟ್ಟರೆ ಈ ಲೇಖನದ ಅರ್ಧಭಾಗ ಬೇಕಾಗುತ್ತಿರಲಿಲ್ಲ.

ಈಗ ಅರೆಸತ್ಯದ ವಿಚಾರ. ತಿರುವಿನಲ್ಲಿ ಕಾರಿನ ಭಾರ ಒಳಚಕ್ರಗಳಿಂದ ಹೊರಚಕ್ರಗಳಿಗೆ ಜಾರುತ್ತದೆ. ಎಷ್ಟು ಜಾರುತ್ತದೆಂಬುದು ಭಾರಕೇಂದ್ರದ ಎತ್ತರಕ್ಕೂ ಎಡಬಲ ಚಕ್ರಗಳ ನಡುವಿನ ಅಗಲಕ್ಕೂ ಇರುವ ಅನುಪಾತಕ್ಕೆ ಬಿಟ್ಟದ್ದು. ಎತ್ತರ ತಗ್ಗಿದರೆ ಜಾರುವ ಭಾರ ತಗ್ಗುತ್ತದೆ, ಅಗಲ ಹೆಚ್ಚಿದರೂ ತಗ್ಗುತ್ತದೆ. ಇಲ್ಲಿಯವರೆಗೆ ಅವರ ಮಾತು ಸರಿ. ಆದರೆ ಲೆಕ್ಕ ಹಾಕಿ ನೋಡೋಣ. ಸಾಧಾರಣ ಹ್ಯಾಚ್‌ಬ್ಯಾಕಿನ ಭಾರಕೇಂದ್ರ ನೆಲದಿಂದ ಸುಮಾರು 550 ಮಿ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 30 ಮಿ.ಮೀ. ಇಳಿಸಿದರೆ ಲಾಭ ಶೇ. 5ರ ಆಸುಪಾಸು. ಚಕ್ರಗಳ ನಡುವಿನ ಅಗಲ 1,500 ಮಿ.ಮೀ. ಎಂದುಕೊಂಡರೆ ಒಂದೊಂದು ಬದಿಗೆ 15 ಮಿ.ಮೀ. ಸ್ಪೇಸರ್ ಕೊಡುವ ಲಾಭ ಶೇ. 2. ಸವೆದು ಕಲ್ಲಾದ ಟೈರು ತೆಗೆದು ಒಳ್ಳೆಯ ಟೈರು ಹಾಕಿದರೆ ಒದ್ದೆ ರಸ್ತೆಯಲ್ಲಿ ಸಿಗುವ ಹಿಡಿತದ ಮುಂದೆ ಇದು ಲೆಕ್ಕಕ್ಕೇ ಬಾರದು. ಟೈರು ಬೋಳಾಗಿರುವ ತಗ್ಗಿಸಿದ ಕಾರುಗಳನ್ನು ಕಂಡಾಗಲೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಬಾಯಿಗೆ ಬರುತ್ತದೆ.

ಆ ಶೇ. 5ಕ್ಕೆ ಪ್ರತಿಯಾಗಿ ಏನು ಕೈಬಿಟ್ಟು ಹೋಯಿತೆಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ರಸ್ತೆಯಲ್ಲಿ ಓಡುವ ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಿನ ಸಸ್ಪೆನ್ಷನ್ ಹೆಚ್ಚುಕಡಿಮೆ ಎಲ್ಲದರಲ್ಲೂ ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಇಂಜಿನಿಯರ್ ರೂಪಿಸಿ ಫೋರ್ಡ್ ಕಾರುಗಳ ಮೂಲಕ 1950ರ ಹೊತ್ತಿಗೆ ರಸ್ತೆಗೆ ಬಂದ ಜೋಡಣೆ ಅದು. ಮೇಲೆ ಒಂದು ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗ್, ಕೆಳಗೆ ಒಂದೇ ಒಂದು ಲೋವರ್ ಆರ್ಮ್. ಅಗ್ಗ, ಹಗುರ, ಜಾಗವೂ ಕಡಿಮೆ ಸಾಕು. ಆದರೆ ಕಾರಿನ ಎತ್ತರ ಬದಲಿಸುವುದನ್ನು ಇದು ಸುಲಭವಾಗಿ ಸಹಿಸುವುದಿಲ್ಲ.

ಕಾರಣ ಹೀಗೆ. ತಿರುವಿನಲ್ಲಿ ಕಾರಿನ ಮೈ ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ. ಅದಕ್ಕೆ ರೋಲ್ ಸೆಂಟರ್ ಎನ್ನುತ್ತಾರೆ. ಅದು ಎಲ್ಲಿ ಬೀಳಬೇಕೆಂದು ನಿರ್ಧರಿಸುವುದು ಮುಖ್ಯವಾಗಿ ಆ ಲೋವರ್ ಆರ್ಮಿನ ಕೋನ. ಕಂಪನಿಯಿಂದ ಬಂದ ಕಾರಿನ ಅಡಿಗೆ ಇಣುಕಿದರೆ ಆರ್ಮು ಒಳಗಿನಿಂದ ಹೊರಕ್ಕೆ ಸ್ವಲ್ಪ ಕೆಳಮುಖವಾಗಿರುವುದು ಕಾಣುತ್ತದೆ. ಕಾರನ್ನು ಇಳಿಸಿದಿರೆಂದರೆ ಅದು ಚಪ್ಪಟೆಯಾಗುತ್ತದೆ, ಇನ್ನೂ ಇಳಿಸಿದರೆ ಹೊರತುದಿ ಮೇಲಕ್ಕೇಳುತ್ತದೆ. ಆಗ ಕಾರಿನ ಮೈ 30 ಮಿ.ಮೀ. ಇಳಿದರೆ ರೋಲ್ ಸೆಂಟರ್ ಅದರ ದುಪ್ಪಟ್ಟಿಗೂ ಹೆಚ್ಚು ಕೆಳಗೆ ಕುಸಿಯಬಹುದು. ಭಾರಕೇಂದ್ರಕ್ಕೂ ರೋಲ್ ಸೆಂಟರಿಗೂ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಗೋಲು. ಕಾರು ತಗ್ಗಿತು, ಸನ್ನೆಗೋಲು ಉದ್ದವಾಯಿತು. ಅಂದರೆ ತಗ್ಗಿಸಿದ ಕಾರಿಗೆ ಮೊದಲಿಗಿಂತ ಹೆಚ್ಚು ವಾಲುವ ಚಪಲ. ಅದನ್ನು ಅದುಮಿಡಲು ಸ್ಪ್ರಿಂಗು ಗಡುಸಾಗಬೇಕು. ಆ ಗಡುಸುತನ ಸೀಟಿನ ಮೂಲಕ ಬೆನ್ನಿಗೆ ಬಡಿದಾಗ ಹುಡುಗ "ಶಾರ್ಪ್ ಆಗಿದೆ" ಎಂದು ಸಂಭ್ರಮಿಸುತ್ತಾನೆ. ತಾನೇ ತಂದ ರೋಗಕ್ಕೆ ಕೊಟ್ಟ ಮದ್ದನ್ನು ಅವನು ಟಾನಿಕ್ ಎಂದು ತಿಳಿದಿದ್ದಾನೆ.

ಸ್ಟಿಯರಿಂಗಿನ ಟೈ ರಾಡಿನ ಕತೆಯೂ ಇದೇ. ಚಕ್ರ ಮೇಲೆ ಕೆಳಗೆ ಆಡಿದಾಗ ತಾನಾಗಿ ಎಡಕ್ಕೋ ಬಲಕ್ಕೋ ತಿರುಗದಂತೆ ಟೈ ರಾಡಿನ ಕೋನವನ್ನೂ ಆರ್ಮಿನ ಕೋನವನ್ನೂ ಕಂಪನಿಯವರು ಒಂದು ಎತ್ತರಕ್ಕೆ ಹೊಂದಿಸಿರುತ್ತಾರೆ. ಆ ಎತ್ತರದಿಂದ ದೂರ ಸರಿದಷ್ಟೂ ಹೊಂದಾಣಿಕೆ ಕೆಡುತ್ತದೆ. ಗುಂಡಿಗೆ ಬಿದ್ದ ಚಕ್ರ ಚಾಲಕನನ್ನು ಕೇಳದೆ ತಾನೇ ತಿರುಗುತ್ತದೆ. ರೇಸಿನವರು ಕಾರು ತಗ್ಗಿಸಿದಾಗ ಬಾಲ್ ಜಾಯಿಂಟಿನ ಉದ್ದ ಬದಲಿಸುತ್ತಾರೆ, ಟೈ ರಾಡಿನ ತುದಿ ಸರಿಸುತ್ತಾರೆ, ಕ್ಯಾಂಬರ್ ಎಂಬ ಚಕ್ರದ ವಾಲನ್ನು ಮತ್ತೆ ಹೊಂದಿಸುತ್ತಾರೆ, ಶಾಕ್ ಅಬ್ಸಾರ್ಬರನ್ನೇ ಹೊಸದಾಗಿ ಮಾಡಿಸುತ್ತಾರೆ. ಕೊಯಮತ್ತೂರು, ಚೆನ್ನೈನ ಟ್ರ್ಯಾಕುಗಳಲ್ಲಿ ಓಡುವ ತಗ್ಗಿದ ಕಾರುಗಳನ್ನು ಸಾಕ್ಷಿಗೆ ಕರೆಯುವವರು ಆ ಕೆಲಸದ ಪಟ್ಟಿಯಿಂದ ಮೊದಲ ಸಾಲನ್ನಷ್ಟೇ ಹರಿದುಕೊಂಡು ಬಂದಿರುತ್ತಾರೆ. ಅಲ್ಲಿ ಗುಂಡಿಯಿಲ್ಲ, ಹಂಪಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯೂ ಇಲ್ಲ.

ಸಾಕ್ಷಿಯೇ ಬೇಕಿದ್ದರೆ ನಮ್ಮ ಚಿಕ್ಕಮಗಳೂರಿಗೇ ಬನ್ನಿ. ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ರ‍್ಯಾಲಿ ನಡೆದಾಗ ಅತಿ ವೇಗವಾಗಿ ಹೋಗುವ ಕಾರುಗಳ ಅಡಿ ನೋಡಿ. ಅವು ಎತ್ತರವಾಗಿವೆ. ಅವುಗಳ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಬೇಕಾದಷ್ಟು ಜಾಗವಿದೆ. ಕೆಟ್ಟ ರಸ್ತೆಯಲ್ಲಿ ಹಿಡಿತವೆಂದರೆ ಟೈರು ನೆಲ ಬಿಡದಿರುವುದು. ನೆಲ ಬಿಡದಿರಲು ಚಕ್ರ ಗುಂಡಿಯೊಳಕ್ಕೆ ಇಳಿದು ದಿಣ್ಣೆಯ ಮೇಲಕ್ಕೆ ಏರಬೇಕು. ನಯವಾದ ಡಾಂಬರಿಗೂ ಈ ತತ್ವ ಹೊಸದಲ್ಲ. ಹ್ಯಾಂಡ್ಲಿಂಗಿಗೇ ಹೆಸರಾದ ಲೋಟಸ್ ಕಂಪನಿ 1962ರಲ್ಲಿ ತಂದ ಎಲಾನ್ ಕಾರಿನ ಸ್ಪ್ರಿಂಗುಗಳು ಮೆತ್ತಗಿನವು. ಕಾರನ್ನು ಹಗುರ ಮಾಡು, ಸ್ಪ್ರಿಂಗನ್ನು ಮೃದುವಾಗಿಡು, ಶಾಕ್ ಅಬ್ಸಾರ್ಬರಿನಿಂದ ಹಿಡಿತದಲ್ಲಿಡು ಎಂಬುದು ಕಾಲಿನ್ ಚಾಪ್ಮನ್ನನ ದಾರಿಯಾಗಿತ್ತು. ಗಡುಸು ಸ್ಪ್ರಿಂಗೆಂದರೆ ಸ್ಪೋರ್ಟ್ಸ್ ಕಾರು ಎಂಬ ನಂಬಿಕೆ ಎಲ್ಲಿಂದ ಬಂತೋ, ಸ್ಪೋರ್ಟ್ಸ್ ಕಾರು ಮಾಡಿದವರಿಂದಂತೂ ಅಲ್ಲ.

ತಗ್ಗಿಸಿದ ಕಾರಿನಲ್ಲಿ ಮೊದಲು ಸಾಯುವುದು ಈ ಮೇಲೆ ಕೆಳಗೆ ಆಡುವ ಜಾಗ. 30 ಮಿ.ಮೀ. ಇಳಿದ ಕಾರು ಬಂಪ್ ಸ್ಟಾಪ್ ಎಂಬ ರಬ್ಬರಿನ ತಡೆಗೆ ಅಷ್ಟೇ ಹತ್ತಿರ. ನಾಲ್ವರು ಕೂತು ಡಿಕ್ಕಿಗೆ ಸಾಮಾನು ತುಂಬಿದರೆ ಇನ್ನಷ್ಟು ಹತ್ತಿರ. ತಿರುವಿನ ನಡುವೆ ಒಂದು ಗುಂಡಿ ಸಿಕ್ಕಿ ಸಸ್ಪೆನ್ಷನ್ ಆ ರಬ್ಬರಿಗೆ ಗುದ್ದಿತೆಂದರೆ ಆ ಕ್ಷಣಕ್ಕೆ ಆ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದಂತಾಗುತ್ತದೆ, ಭಾರವೆಲ್ಲ ಒಮ್ಮೆಲೇ ಟೈರಿಗೆ ಬೀಳುತ್ತದೆ, ಟೈರು ಜಾರುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಮಳೆಗಾಲದ ಸಂಜೆ ಇದನ್ನು ಅನುಭವಿಸಿದವನಿಗೆ ಶೇ. 5ರ ಲೆಕ್ಕ ನೆನಪಿಗೆ ಬರಲಾರದು.

ಹಂಪುಗಳ ವಿಚಾರವನ್ನು ಹಾಸ್ಯ ಮಾಡಿ ದಾಟಿಸುವುದು ರೂಢಿ. "ಕ್ರಾಸ್ ಆಗಿ ಹತ್ತಿಸಿದ್ರೆ ಆಯ್ತು ಬಿಡಿ." ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಎರಡೂವರೆ ಮೀಟರಿಗೆ ತುಸು ಕಡಿಮೆ ವೀಲ್‌ಬೇಸಿನ ಹ್ಯಾಚ್‌ಬ್ಯಾಕ್ ಅದರ ನೆತ್ತಿಯ ಮೇಲೆ ನಿಂತರೆ ನಡುಹೊಟ್ಟೆಯಲ್ಲಿ ನಾಲ್ಕೂವರೆ ಸೆಂ.ಮೀ.ಯಷ್ಟು ಜಾಗ ಮಾತ್ರ ತಿನ್ನುತ್ತದೆ. ಅಂಥ ಹಂಪಿನ ಮೇಲೆ ತಗ್ಗಿಸಿದ ಕಾರೂ ದಾಟುತ್ತದೆ. ಆದರೆ ನಮ್ಮ ಊರಿನವರು ತಾವೇ ಜಲ್ಲಿ ಸುರಿದು ಕಟ್ಟಿದ ಹಂಪು ಒಂದು ಮೀಟರ್ ಅಗಲವೂ ಇರುವುದಿಲ್ಲ, ಎತ್ತರ ಮಾತ್ರ ಅಷ್ಟೇ ಅಥವಾ ಅದಕ್ಕೂ ಹೆಚ್ಚು. ಅದು ಇಡಿಯಾಗಿ ಎರಡು ಚಕ್ರಗಳ ನಡುವೆ ಕೂರುತ್ತದೆ, ಪೂರ್ತಿ 10 ಸೆಂ.ಮೀ. ತಿನ್ನುತ್ತದೆ. ಸುಮಾರು 165 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನ ಕಾರನ್ನು 40 ಇಳಿಸಿ, ನಾಲ್ವರನ್ನು ಕೂರಿಸಿ ಲೆಕ್ಕ ಹಾಕಿ. ಉಳಿಯುವುದು ಆಯಿಲ್ ಚೇಂಬರು ಒಡೆಯುವ ಸದ್ದು. ಆಯಿಲ್ ಸೋರಿದ್ದು ಗೊತ್ತಾಗದೆ ನಾಲ್ಕು ಕಿಲೋಮೀಟರ್ ಓಡಿಸಿದರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ.

ಇದಕ್ಕೆ ಅವರದೊಂದು ಬುದ್ಧಿವಂತ ಉತ್ತರವಿದೆ, ಅದನ್ನು ಗೌರವದಿಂದಲೇ ಕೇಳಬೇಕು. ಕಂಪನಿಗಳೇ ಭಾರತಕ್ಕೆಂದು ಕಾರನ್ನು ಎತ್ತರಿಸಿವೆ, ನಾವು ಅದನ್ನು ಮೂಲ ಎತ್ತರಕ್ಕೆ ಮರಳಿಸುತ್ತಿದ್ದೇವೆ ಅಷ್ಟೇ, ಎನ್ನುತ್ತಾರೆ. 2010ರಿಂದ 2022ರವರೆಗೆ ಇಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೋ ಯುರೋಪಿನ ಪೋಲೋಗಿಂತ ಎತ್ತರವಾಗಿದ್ದದ್ದು ನಿಜ. ಈ ಹವ್ಯಾಸದವರ ಮುದ್ದಿನ ಕಾರೂ ಅದೇ. ಆದರೆ ಮರಳಿಸುವುದೆಂದರೆ ಯುರೋಪಿನ ಸ್ಪ್ರಿಂಗ್, ಅದಕ್ಕೆ ಹೊಂದಿಸಿದ ಯುರೋಪಿನ ಶಾಕ್ ಅಬ್ಸಾರ್ಬರ್, ಅಲ್ಲಿನ ಬಂಪ್ ಸ್ಟಾಪು, ಎಲ್ಲವನ್ನೂ ಮರಳಿಸುವುದು. ಇಲ್ಲಿ ನಡೆಯುವುದು ಅದಲ್ಲ. ಕೊರಿಯರಿನಲ್ಲಿ ಬಂದ ನಾಲ್ಕು ಬಣ್ಣದ ಸ್ಪ್ರಿಂಗನ್ನು ಅರವತ್ತು ಸಾವಿರ ಕಿಲೋಮೀಟರ್ ಓಡಿದ ಹಳೆಯ ಶಾಕ್ ಅಬ್ಸಾರ್ಬರಿನ ಮೇಲೆ ಕೂರಿಸುತ್ತಾರೆ. ಸ್ಪ್ರಿಂಗು ಶೇ. 30 ಗಡುಸಾದರೆ ಅದನ್ನು ಅದೇ ಹಿಡಿತದಲ್ಲಿಡಲು ಶಾಕ್ ಅಬ್ಸಾರ್ಬರು ಶೇ. 14ರಷ್ಟು ಹೆಚ್ಚು ದುಡಿಯಬೇಕು. ಸವೆದದ್ದು ಮೊದಲಿನಷ್ಟೂ ದುಡಿಯದು. ಹಂಪು ದಾಟಿದ ಮೇಲೂ ಎರಡು ಸಲ ಕುಣಿಯುವ ಕಾರುಗಳೆಲ್ಲ ಈ ಜಾತಿಯವು. ಇನ್ನು ಇದ್ದ ಸ್ಪ್ರಿಂಗನ್ನೇ ಗ್ಯಾಸ್ ಕಟರಿನಿಂದ ಕತ್ತರಿಸುವವರ ಬಗ್ಗೆ ಏನು ಹೇಳುವುದು. ಬೆಂಕಿಗೆ ಉಕ್ಕಿನ ಹದ ಹೋಗುತ್ತದೆ, ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗುಂಡಿಯಲ್ಲಿ ಜೋತುಬಿದ್ದಾಗ ಸ್ಪ್ರಿಂಗು ಸಡಿಲಗೊಂಡು ಜಾಗ ಬಿಟ್ಟು ಜಾರುತ್ತದೆ. ವಾದಕ್ಕೆ ಅರ್ಹವಾದ ಕೆಲಸವೇ ಅಲ್ಲ ಅದು.

ಸ್ಪೇಸರಿಗೆ ಬರೋಣ. ನೋಡಲು ಅಮಾಯಕ ವಸ್ತು, ಅಲ್ಯೂಮಿನಿಯಮ್ಮಿನ ಒಂದು ಬಿಲ್ಲೆ. ಚಕ್ರ ಬಿಚ್ಚು, ಬಿಲ್ಲೆ ಇಡು, ಚಕ್ರ ಹಾಕು. ಇದಕ್ಕಿಂತ ಸುಲಭದ ಕೆಲಸ ಕಾರಿನಲ್ಲಿ ಇಲ್ಲವೆಂದೇ ಎಲ್ಲರ ಎಣಿಕೆ. ನನ್ನ ಪ್ರಕಾರ ಇಡೀ ಹವ್ಯಾಸದಲ್ಲಿ ಅತಿ ಹೆಚ್ಚು ಮೋಸ ಮಾಡುವ ವಸ್ತು ಇದು.

ಚಕ್ರದ ನಟ್ಟು ಕಾರಿನ ಭಾರ ಹೊರುತ್ತದೆಂದು ಜನ ತಿಳಿದಿದ್ದಾರೆ. ಹೊರುವುದು ನಟ್ಟಲ್ಲ, ಅದರ ಬಿಗಿತ. ನಟ್ಟು ಚಕ್ರವನ್ನು ಹಬ್ಬಿಗೆ ಎಷ್ಟು ಬಲವಾಗಿ ಒತ್ತಿ ಹಿಡಿಯುತ್ತದೋ ಆ ಒತ್ತಡದ ಘರ್ಷಣೆಯೇ ಚಕ್ರವನ್ನು ಜಾರದಂತೆ ಇಡುವುದು. ನಡುವೆ ಬಿಲ್ಲೆ ಸೇರಿದರೆ ಒಂದು ಜೋಡಣೆಯ ಜಾಗದಲ್ಲಿ ಎರಡಾದವು. ಹಬ್ಬಿನ ಮೇಲಿನ ತುಕ್ಕು, ಬಿಲ್ಲೆಯ ಬಣ್ಣ, ನಡುವೆ ಸಿಕ್ಕಿದ ಮರಳಿನ ಕಣ, ಎಲ್ಲವೂ ಓಡಾಟದಲ್ಲಿ ಪುಡಿಯಾಗಿ ಬಿಗಿತ ಸಡಿಲುತ್ತದೆ. ಪೋಲೋದ ಚಕ್ರದ ಬೋಲ್ಟಿಗೆ ಕಂಪನಿ ಹೇಳುವ ಬಿಗಿತ 120 ನ್ಯೂಟನ್ ಮೀಟರ್. ಅದನ್ನು ಅಳೆಯುವ ಟಾರ್ಕ್ ರೆಂಚು ಎಷ್ಟು ಮನೆಗಳಲ್ಲಿದೆ? ವೀಲ್ ಪಾನಾದ ಮೇಲೆ ಹತ್ತಿ ನಿಂತು ಬಿಗಿ ಮಾಡುವುದೇ ನಮ್ಮಲ್ಲಿ ಅಳತೆ.

ಬಿಲ್ಲೆ ದಪ್ಪವಾದಷ್ಟೂ ನಟ್ಟು ಕಚ್ಚುವ ಥ್ರೆಡ್ ಕಡಿಮೆ. ಬೋಲ್ಟು ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ ಉದ್ದ ಥ್ರೆಡ್ ಕಚ್ಚಬೇಕೆಂಬುದು ವರ್ಕ್‌ಶಾಪಿನ ಹಳೆಯ ಅಂದಾಜು. ಮಾರುತಿ ಸ್ವಿಫ್ಟಿನ ಸ್ಟಡ್ 12 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಸಾಗುತ್ತದೆ. 5 ಮಿ.ಮೀ. ಬಿಲ್ಲೆ ನಾಲ್ಕು ಸುತ್ತು ನುಂಗಿಹಾಕುತ್ತದೆ. ಯುರೋಪಿನ ಕಾರುಗಳಲ್ಲಿ ಸ್ಟಡ್ಡಿನ ಬದಲು ಬೋಲ್ಟು ಇರುವುದರಿಂದ ಬಿಲ್ಲೆಯ ದಪ್ಪದಷ್ಟು ಹೆಚ್ಚು ಉದ್ದದ ಬೋಲ್ಟು ಬೇಕು. ಅದನ್ನು ತಂದ ಜಾಣ ಒಂದು ರಾತ್ರಿ ಪಂಕ್ಚರ್ ಆಗಿ, ಬಿಲ್ಲೆ ತೆಗೆದು ಸ್ಟೆಪ್ನಿಗೆ ಅದೇ ಉದ್ದದ ಬೋಲ್ಟು ಹಾಕಿದರೆ ತುದಿ ಹಬ್ಬಿನ ಹಿಂದೆ ಚಾಚಿಕೊಂಡು ಒಳಗಿನ ಬ್ರೇಕಿನ ಭಾಗಗಳಿಗೆ ತಾಗುತ್ತದೆ. ಹಬ್ಬಿನ ನಡುವೆ ಚಕ್ರವನ್ನು ಕೇಂದ್ರದಲ್ಲಿಡುವ ಒಂದು ಅಂಚು ಇರುತ್ತದೆ. ಅಗ್ಗದ ಬಿಲ್ಲೆಗೆ ಸ್ವಂತ ಅಂಚಿಲ್ಲ, ಹಬ್ಬಿನದನ್ನೂ ಮುಚ್ಚಿಬಿಡುತ್ತದೆ. ಎಂಬತ್ತು ತೊಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗಲು ಶುರುವಾಗುತ್ತದೆ. ಮಾಲೀಕ ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿ ಅಂಗಡಿಯವನಿಗೆ ಬೈಯುತ್ತಾನೆ.

ಇದೆಲ್ಲ ಹಾಕುವ ಕ್ರಮದ ದೋಷ, ಒಳ್ಳೆಯ ಬಿಲ್ಲೆಯನ್ನು ಸರಿಯಾಗಿ ಹಾಕಿದರೆ ತೊಂದರೆಯಿಲ್ಲ ಎನ್ನಬಹುದು. ಎಷ್ಟೇ ಒಳ್ಳೆಯ ಬಿಲ್ಲೆಯೂ ಬದಲಿಸುವ ಒಂದು ಸಂಗತಿಯಿದೆ. ಸ್ಟ್ರಟ್ಟಿನ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟಿನ ಮೂಲಕ ಒಂದು ಗೆರೆ ಎಳೆದು ನೆಲಕ್ಕೆ ಮುಟ್ಟಿಸಿ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಆ ಗೆರೆಯ ಸುತ್ತ. ಟೈರು ನೆಲ ಮುಟ್ಟುವ ಜಾಗದ ನಡುಬಿಂದು ಆ ಗೆರೆಗಿಂತ ಹೊರಗಿದೆಯೋ ಒಳಗಿದೆಯೋ ಎಂಬುದರ ಮೇಲೆ ಬ್ರೇಕ್ ಹಾಕಿದಾಗ ಕಾರು ಯಾವ ಕಡೆ ಎಳೆಯುತ್ತದೆಂಬುದು ನಿಂತಿದೆ. 1972ರಲ್ಲಿ ಬಂದ ಆಡಿ 80 ಕಾರಿನಲ್ಲಿ ಆ ನಡುಬಿಂದುವನ್ನು ಬೇಕೆಂದೇ ಗೆರೆಯ ಒಳಗಿಟ್ಟರು. ಒಂದು ಬದಿಯ ಚಕ್ರ ಜಾರುವ ನೆಲದಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗು ತಾನಾಗಿ ತುಸು ತಿರುಗಿ ಕಾರನ್ನು ನೇರದಲ್ಲಿಡುತ್ತದೆ. ಆಮೇಲೆ ಮುಂಚಕ್ರ ಎಳೆಯುವ ಅನೇಕ ಕಾರುಗಳು ಇದೇ ದಾರಿ ಹಿಡಿದವು. 15 ಮಿ.ಮೀ. ಬಿಲ್ಲೆ ಟೈರನ್ನು 15 ಮಿ.ಮೀ. ಹೊರಗೆ ತಳ್ಳಿತು. ಗೆರೆಯ ಒಳಗಿದ್ದದ್ದು ಅಷ್ಟೇ ಪ್ರಮಾಣದಲ್ಲಿ ಹೊರಗಿನ ಕಡೆಗೆ ಸರಿಯಿತು.

ಇದು ಪುಸ್ತಕದ ಬದನೆಕಾಯಿ ಅನ್ನಿಸುತ್ತಿದ್ದರೆ ನಮ್ಮ ಹೆದ್ದಾರಿಯ ಎಡ ಅಂಚನ್ನು ನೆನೆಸಿಕೊಳ್ಳಿ. ಅಲ್ಲಿ ಸದಾ ಮರಳು. ಎದುರಿನ ಬಸ್ಸಿಗೆ ಜಾಗ ಕೊಟ್ಟು ಎಡಚಕ್ರಗಳನ್ನು ಮರಳಿಗಿಳಿಸಿದ್ದೀರಿ, ದನ ಅಡ್ಡ ಬಂತು, ಬ್ರೇಕ್ ಒತ್ತಿದಿರಿ. ಬಲಚಕ್ರ ಹಿಡಿಯಿತು, ಎಡಚಕ್ರ ಜಾರಿತು. ಆಡಿಯ ಇಂಜಿನಿಯರುಗಳು ಕಾಳಜಿ ವಹಿಸಿದ್ದು ಸರಿಯಾಗಿ ಆ ಒಂದು ಕ್ಷಣಕ್ಕೆ. ಬಿಲ್ಲೆ ಮಾರುವವರು ಕಿತ್ತುಕೊಳ್ಳುತ್ತಿರುವುದೂ ಅದನ್ನೇ. ಸ್ಥಿರತೆ ಹೆಚ್ಚುತ್ತದೆಂದು ಹೇಳಿ!

ಕೊನೆಯದಾಗಿ ಮನೆಯಲ್ಲೇ ಮಾಡುವ ವಿಚಾರ. ತನ್ನ ಗಾಡಿಯ ಕೆಲಸ ತಾನೇ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಗೌರವ. ಆಯಿಲ್, ಏರ್ ಫಿಲ್ಟರ್ ಬದಲಿಸಿ, ಬ್ರೇಕ್ ಪ್ಯಾಡು ಹಾಕಿಕೊಳ್ಳಿ. ಸ್ಪ್ರಿಂಗಿಗೆ ಮಾತ್ರ ಕೈಹಾಕಬೇಡಿ ಎನ್ನಲು ಕಾರಣಗಳಿವೆ.

ಈ ಕೆಲಸ ಸುಲಭವೆಂಬ ಭ್ರಮೆ ಹುಟ್ಟುವುದು ಹಿಂದಿನ ಚಕ್ರಗಳಿಂದ. ನಮ್ಮ ಹ್ಯಾಚ್‌ಬ್ಯಾಕ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರು ಬೇರೆ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ ಹಿಂದಿನ ಎರಡು ಚಕ್ರ ಕೂಡಿಸುವ ಬೀಮನ್ನು ಕೆಳಗಿಳಿಸಿದರೆ ಸ್ಪ್ರಿಂಗು ಕೈಗೆ ಬರುತ್ತದೆ. ಗಂಟೆಯೊಳಗೆ ಹಿಂದಿನದು ಮುಗಿದು ಹುಡುಗನಿಗೆ ಹುಮ್ಮಸ್ಸು ಬಂದಿರುತ್ತದೆ. ಮುಂದೆ ಹಾಗಲ್ಲ. ಅಲ್ಲಿ ಸ್ಪ್ರಿಂಗನ್ನು ಅದುಮಿ ಸ್ಟ್ರಟ್ಟಿನ ಮೇಲೆ ಒಂದೇ ಒಂದು ನಟ್ಟಿನಿಂದ ಹಿಡಿದಿಟ್ಟಿರುತ್ತಾರೆ. ಅದನ್ನು ಬಿಚ್ಚುವ ಮೊದಲು ಸ್ಪ್ರಿಂಗ್ ಕಂಪ್ರೆಸರಿನಿಂದ ಇನ್ನಷ್ಟು ಅದುಮಬೇಕು. ಒಂದು ಮಿ.ಮೀ. ಅದುಮಲು 25 ನ್ಯೂಟನ್ ಬೇಕಾಗುವ ಸಾಧಾರಣ ಸ್ಪ್ರಿಂಗನ್ನು 120 ಮಿ.ಮೀ. ಅದುಮಿದರೆ ಅದು ಮುನ್ನೂರು ಕಿಲೋ ಭಾರದಷ್ಟು ಬಲದಲ್ಲಿ ಹೊರಕ್ಕೆ ತಳ್ಳುತ್ತಿರುತ್ತದೆ. ಒಳಗೆ ಅಡಗಿದ ಶಕ್ತಿ 180 ಜೂಲ್, ಅಂದರೆ ಹತ್ತು ಕಿಲೋ ಕಬ್ಬಿಣದ ಗುಂಡು ಆಳೆತ್ತರದಿಂದ ಬಿದ್ದಷ್ಟು. ಬಾಡಿಗೆಗೆ ತಂದ ಎರಡು ಕೊಕ್ಕೆಗಳ ಕಂಪ್ರೆಸರಿನಲ್ಲಿ ಒಂದು ಕೊಕ್ಕೆ ಜಾರಿದರೆ ಆ ಗುಂಡು ಮುಖದ ಕಡೆಗೋ ಕೈಯ ಕಡೆಗೋ ಹಾರುತ್ತದೆ. ಕಂಪ್ರೆಸರೇ ಇಲ್ಲದೆ ಮೇಲಿನ ನಟ್ಟು ಬಿಚ್ಚಲು ಹೋಗುವವರೂ ಇದ್ದಾರೆ.

ಇನ್ನು ಜಾಕ್. ಕಾರಿನ ಜೊತೆ ಕೊಡುವ ಕತ್ತರಿ ಜಾಕು ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಸ್ಟ್ರಟ್ಟಿನ ಬಿಗಿ ಬೋಲ್ಟಿಗೆ ಉದ್ದದ ಪೈಪು ಸಿಕ್ಕಿಸಿ ಜಗ್ಗುವಾಗ ಕಾರು ಪಕ್ಕಕ್ಕೆ ಅಲುಗುತ್ತದೆ. ಅಡಿಗೆ ಸ್ಟ್ಯಾಂಡಿನ ಬದಲು ಹಾಲೋ ಬ್ಲಾಕ್ ಇಟ್ಟಿರುತ್ತಾರೆ. ಸಿಮೆಂಟಿನ ಆ ಇಟ್ಟಿಗೆ ಗೋಡೆಯಲ್ಲಿ ಸಮನಾಗಿ ಹರಡಿದ ಭಾರ ಹೊರುತ್ತದೆ. ಒಂದೇ ಬಿಂದುವಿನಲ್ಲಿ ಒತ್ತಿದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ.

ಇವೆರಡೂ ಕಣ್ಣಿಗೆ ಕಾಣುವ ಅಪಾಯ. ಕಾಣದ ತಪ್ಪೊಂದಿದೆ, ಮನೆಯ ಕೆಲಸದಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾಡುವಂಥದ್ದು. ಲೋವರ್ ಆರ್ಮಿನ ಬುಷ್‌ಗಳಲ್ಲಿ ರಬ್ಬರು ಕಬ್ಬಿಣಕ್ಕೆ ಅಂಟಿರುತ್ತದೆ. ಚಕ್ರ ಆಡುವಾಗ ರಬ್ಬರು ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಬರಬೇಕು. ಆದ್ದರಿಂದ ಅದರ ಬೋಲ್ಟನ್ನು ಕೊನೆಯದಾಗಿ ಬಿಗಿ ಮಾಡುವುದು ಕಾರು ತನ್ನ ಚಕ್ರದ ಮೇಲೆ ತಾನು ನಿಂತಿರುವಾಗ. ಜಾಕಿನ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಬಿಗಿ ಮಾಡಿದರೆ ಕಾರು ಕೆಳಗಿಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರದ ಮೇಲೆ ನಿಂತ ಕಾರಿನ ಅಡಿಗೆ ಹೋಗಲು ರ‍್ಯಾಂಪೋ ಹೊಂಡವೋ ಬೇಕು, ಅದು ಬೇಸ್‌ಮೆಂಟಿನಲ್ಲಿಲ್ಲ. ಎಲ್ಲ ಮುಗಿದ ಮೇಲೂ ಟೋ, ಅಂದರೆ ಚಕ್ರಗಳು ಮುಖ ಮಾಡಿರುವ ದಿಕ್ಕು, ಕೆಟ್ಟಿರುತ್ತದೆ, ಅಲೈನ್‌ಮೆಂಟಿಗೆ ಅಂಗಡಿಗೇ ಹೋಗಬೇಕು. ಮನೆಯಲ್ಲೇ ಮುಗಿಯುವ ಕೆಲಸವೇ ಅಲ್ಲದ್ದನ್ನು ಮನೆಯ ಕೆಲಸವೆನ್ನುವುದು ಯಾವ ಲೆಕ್ಕ?

"ಗ್ಯಾರೇಜಿನವನೂ ಇಷ್ಟೇ ಮಾಡ್ತಾನೆ, ನಾನೇ ಮೇಲು" ಎನ್ನುವವರಿದ್ದಾರೆ. ಎಷ್ಟೋ ಗ್ಯಾರೇಜುಗಳಲ್ಲಿ ಟಾರ್ಕ್ ರೆಂಚು ಗೋಡೆಯ ಅಲಂಕಾರ ಎಂಬುದು ಸುಳ್ಳಲ್ಲ. ಆದರೆ ಅದು ಒಳ್ಳೆಯ ಗ್ಯಾರೇಜು ಹುಡುಕಲು ಕಾರಣ, ಅದೇ ತಪ್ಪನ್ನು ಮನೆಗೆ ತರಲು ಅಲ್ಲ.

ಕಾನೂನಿನ ಮಾತು ಬಂದರೆ ಈ ವಲಯದಲ್ಲಿ ನಗು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ಹೇಳುತ್ತದೆ. ಈ ಕಾನೂನು ಮೊಂಡು ಎಂದು ನನಗೂ ಅನ್ನಿಸುತ್ತದೆ. ಜರ್ಮನಿಯಲ್ಲಿ ತಗ್ಗಿಸುವ ಸ್ಪ್ರಿಂಗು ಪರೀಕ್ಷಾ ವರದಿಯೊಂದಿಗೇ ಬರುತ್ತದೆ, ಕೂರಿಸಿದ ಮೇಲೆ ಕಾರನ್ನು ಟ್ಯೂಫ್‌ನಂಥ ಸಂಸ್ಥೆಗೆ ತೋರಿಸಿ ದಾಖಲೆಯಲ್ಲಿ ಬರೆಸಬೇಕು. ಜಪಾನಿನಲ್ಲಿ ಕಾರಿನ ಅಡಿ ನೆಲದಿಂದ 9 ಸೆಂ.ಮೀ. ಎತ್ತರವಿರಲೇಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ತೇರ್ಗಡೆಯಿಲ್ಲ. ಎರಡೂ ಕಡೆ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿನ ಹವ್ಯಾಸಿಗಳ ಫೋಟೋ ತೋರಿಸಿ ಇಲ್ಲಿ ವಾದಿಸುವವರು ಈ ಅರ್ಧವನ್ನು ಮುಚ್ಚಿಡುತ್ತಾರೆ. ನಮ್ಮಲ್ಲಿ ಖಾಸಗಿ ಕಾರು ರಿಜಿಸ್ಟರ್ ಆದರೆ ಹದಿನೈದು ವರ್ಷ ಅದರ ಅಡಿಗೆ ಯಾವ ಅಧಿಕಾರಿಯೂ ಇಣುಕುವುದಿಲ್ಲ. ನೀವು ಮನೆಯಲ್ಲಿ ಕೂರಿಸಿದ ಸ್ಪ್ರಿಂಗಿಗೆ, ಬಿಲ್ಲೆಗೆ, ನಿಮ್ಮನ್ನು ಬಿಟ್ಟರೆ ಬೇರೆ ಪರೀಕ್ಷಕನಿಲ್ಲ. ಅಪಘಾತವಾದರೆ ವಿಮಾ ಕಂಪನಿಯ ಸರ್ವೇಯರ್ ಒಬ್ಬ ಬರುತ್ತಾನೆ, ಅವನು ನಿಮ್ಮ ಪರವಾಗಿ ಬಂದಿರುವುದಿಲ್ಲ.

ಕಾರು ಚೆನ್ನಾಗಿ ತಿರುಗಬೇಕೆಂಬ ಆಸೆ ನಿಜವಾಗಿದ್ದರೆ ಆ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ, ಸವೆದ ಶಾಕ್ ಅಬ್ಸಾರ್ಬರು, ಬುಷ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಬಿಲ್ಲೆ ಈಗಾಗಲೇ ಹಾಕಿದ್ದಾಗಿದೆ ಎನ್ನುವವರು ನಾಳೆ ಬೆಳಿಗ್ಗೆ, ಇಂಜಿನ್ ಶುರು ಮಾಡುವ ಮೊದಲು, ಒಂದೊಂದೇ ನಟ್ಟು ಬಿಚ್ಚಿ ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿ. ಎಂಟು ಸುತ್ತೂ ಬಾರದಿದ್ದರೆ ಬಿಲ್ಲೆ ತೆಗೆದಿಟ್ಟು, ಕಂಪನಿಯ ನಟ್ಟು ಬೋಲ್ಟನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿ.